ಕೆಡದ ರಸ್ತೆಯ ಕುರಿತು ಒಂದು ವರದಿ

ರಸ್ತೆಗೆ ಎಷ್ಟು ಹಣ ಖರ್ಚಾಯಿತೋ ಊರು ಅಷ್ಟು ಮುಂದುವರಿದಿದೆ ಎಂಬುದು ಈಗ ನಿರ್ವಿವಾದ. ಇದನ್ನು ಕಂಡುಹಿಡಿದವರು ಹಾಸನದ ಕಚೇರಿಯೊಂದರಲ್ಲಿ ಅಂಕಿಅಂಶ ನೋಡಿಕೊಳ್ಳುವ ಕಾಂತರಾಜು. ಇಪ್ಪತ್ತೆರಡು ವರ್ಷ ಬೇರೆಯವರ ಅಂಕಿಗಳನ್ನೇ ಕೂಡಿ ಬೇಸತ್ತು, ನನ್ನದೂ ಒಂದಿರಲಿ ಎಂದು ಅವರು ‘ರಸ್ತೆ ವೆಚ್ಚ ಸೂಚ್ಯಂಕ’ವನ್ನು ರಚಿಸಿದರು. ಮೇಲಿನವರು ಮೆಚ್ಚಿ ಶಾಲು ಹೊದಿಸಿದರು. ಏಪ್ರಿಲ್ ಬಿಸಿಲಲ್ಲೂ ಕಾಂತರಾಜು ಅದನ್ನು ಎರಡು ದಿನ ಹೊದ್ದೇ ಓಡಾಡಿದರು ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ.

ಮೊದಲ ಪಟ್ಟಿ ಹೊರಬಂತು. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಗುಂಡಿ ಬಿದ್ದ ಊರುಗಳೆಲ್ಲ ಮೇಲಿದ್ದವು. ಕಟ್ಟಕಡೆಗೆ ಇದ್ದದ್ದು ಶಾಂತಿಗ್ರಾಮದ ಹತ್ತಿರದ ಬೋರೇಕೊಪ್ಪಲು. ಹದಿನಾಲ್ಕು ವರ್ಷದಿಂದ ಅಲ್ಲಿನ ರಸ್ತೆಗೆ ನಯಾಪೈಸೆ ಖರ್ಚಾಗಿರಲಿಲ್ಲ, ಏಕೆಂದರೆ ರಸ್ತೆ ಕೆಟ್ಟಿರಲಿಲ್ಲ. ಊರನ್ನು ‘ಅತಿ ಹಿಂದುಳಿದದ್ದು’ ಎಂದು ಘೋಷಿಸಲಾಯಿತು. ಅದು ಕಾಂತರಾಜು ಅವರ ಹುಟ್ಟೂರು.

ರಸ್ತೆ ಏಕೆ ಕೆಡಲಿಲ್ಲವೆಂದು ಕಾರಣ ಕೇಳಿ, ಅದನ್ನು ಹಾಕಿದ್ದ ಗುತ್ತಿಗೆದಾರ ಪಾಪಯ್ಯನಿಗೆ ನೋಟಿಸು ಹೋಯಿತು. ಅವನು ಬಂದು ಕೈಮುಗಿದ.

“ತಪ್ಪಾಯ್ತು ಸಾ. ಅದೇ ಮೊದಲ್ನೇ ಕೆಲ್ಸ, ತಿಳಿವಳ್ಕೆ ಇರ್ನಿಲ್ಲ. ಕಾಗ್ದದಲ್ಲಿ ಬರ್ದಿದ್ದಷ್ಟೂ ಜಲ್ಲಿ ಆಕ್ಬುಟ್ಟೆ. ಆಮ್ಯಾಕೆ ಯಾವತ್ತೂ ಅಂಗೆ ಮಾಡ್ನಿಲ್ಲ.”

ಪಶ್ಚಾತ್ತಾಪವನ್ನು ಪರಿಗಣಿಸಿ ಅವನನ್ನು ಕ್ಷಮಿಸಲಾಯಿತು. ಜೊತೆಗೇ ಆದೇಶವೂ ಹೊರಟಿತು: “ಚೆನ್ನಾಗಿರುವ ರಸ್ತೆಯನ್ನು ಅಗೆಯತಕ್ಕದ್ದು. ಅಗೆದದ್ದನ್ನು ಮುಚ್ಚತಕ್ಕದ್ದು. ಮುಚ್ಚಿದ್ದನ್ನು ಪುನಃ ಅಗೆಯುವ ಮುನ್ನ ಗುದ್ದಲಿ ಪೂಜೆ ಕಡ್ಡಾಯ.”

ಊರಿನಲ್ಲಿ ತಕರಾರು ಎತ್ತಿದವರು ಒಬ್ಬರೇ, ಕಾಂತರಾಜು ಅವರ ತಾಯಿ ಸುಬ್ಬಮ್ಮ. ಆಕೆಗೆ ಗೌರಿ ಎಂಬ ಒಂದು ಹಸು. ಅದರ ಹಾಲು ಡೈರಿಗೆ ಹಾಕಿಯೇ ಮಗನನ್ನು ಓದಿಸಿದ್ದರು.

“ಲೇ ಕಾಂತ, ರಸ್ತೆ ಅಗುದ್ರೆ ಕ್ಯಾನ್ ಒತ್ಕಂಡು ಯಾವ ಕಡೆಯಿಂದ ಓಗ್ಲಿ? ಏಳು ಗಂಟೆಗೆ ಡೈರಿ ಬಾಗ್ಲು ಆಕ್ಬುಡ್ತಾರೆ ಕಣ್ಲಾ.”

“ಪಟ್ಟೀಲಿ ನಮ್ಮೂರೇ ಕಡೇದು ಕಣವ್ವ. ನನ್ ಮಾನ ಏನಾಯ್ತದೆ?”

“ಮಾನ ಬೇಕಾದ್ರೆ ಕ್ಯಾನ್ ನೀನೇ ಒರು.”

ಕಾಂತರಾಜು ಹೊರಲಿಲ್ಲ. ಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿದ ಗುದ್ದಲಿಯನ್ನು ಅವರ ಕೈಗೇ ಕೊಟ್ಟರು. ಮೊದಲ ಏಟಿಗೆ ಗುದ್ದಲಿ ಪುಟಿದು ವಾಪಸು ಬಂತು. ಎರಡನೆಯದಕ್ಕೆ ಮರದ ಕಾವು ಮುರಿಯಿತು. ಕೊನೆಗೆ ಚನ್ನರಾಯಪಟ್ಟಣದಿಂದ ಜೆಸಿಬಿ ತರಿಸಬೇಕಾಯಿತು. ಅದರ ಬಾಡಿಗೆಯಿಂದಲೇ, ಒಂದು ಹಿಡಿ ಮಣ್ಣು ಏಳುವ ಮೊದಲೇ, ಬೋರೇಕೊಪ್ಪಲು ಮೂರು ಸ್ಥಾನ ಮೇಲೇರಿತು.

ಆ ವರ್ಷ ರಸ್ತೆಯನ್ನು ನಾಲ್ಕು ಸಲ ಅಗೆದು ನಾಲ್ಕು ಸಲ ಮುಚ್ಚಲಾಯಿತು. ಬೋರೇಕೊಪ್ಪಲು ಪ್ರಥಮ ಸ್ಥಾನಕ್ಕೆ ಬಂತು. ರಸ್ತೆಯನ್ನು ಐದನೆಯ ಸಲ ಅಗೆಯುತ್ತಿದ್ದರಿಂದ ಕಾಂತರಾಜು ಕಾರನ್ನು ಹೆದ್ದಾರಿಯಲ್ಲೇ ಬಿಟ್ಟು, ಪ್ಯಾಂಟು ಮಡಚಿಕೊಂಡು, ಪ್ರಶಸ್ತಿ ಫಲಕವನ್ನು ಎದೆಗವಚಿಕೊಂಡು ಗದ್ದೆ ಬದುವಿನ ಮೇಲೆ ಮನೆ ಸೇರಿದರು. ತಾಯಿ ಒಂದು ಲೋಟ ಕರಿ ಕಾಫಿ ತಂದಿಟ್ಟರು.

“ಹಾಲಿಲ್ವೇನವ್ವ?”

“ಗೌರೀನ ಮಾರ್ಬುಟ್ಟೆ ಕಣಪ್ಪ. ದಿನಾ ಒತ್ತಾಗೋದು, ಡೈರಿ ಬಾಗ್ಲಿಂದ ಹಾಲು ವಾಪಸ್ ತರೋದು. ಎಷ್ಟು ದಿನ ಅಂತ ಚೆಲ್ಲೋದು? ಒಳೆನರಸೀಪುರದೋರು ಬಂದು ಒಡ್ಕಂಡು ಓದ್ರು.”

ಕಾಂತರಾಜು ಎದ್ದು ಕೊಟ್ಟಿಗೆಗೆ ಹೋಗಿ ನೋಡಿದರು. ಹಗ್ಗ ಗೂಟದಲ್ಲೇ ಇತ್ತು. ಅವರಿಗೆ ಅಳು ಬಂತು. ಸೂಚ್ಯಂಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲವಾಗಿ ನುಂಗಿಕೊಂಡರು.

ಅಷ್ಟರಲ್ಲಿ ಪಕ್ಕದ ಬೀದಿಯ ಬೋರಪ್ಪ ಹತ್ತು ಜನರೊಂದಿಗೆ ಅರ್ಜಿ ಹಿಡಿದು ಬಂದ.

“ನಮ್ ಬೀದಿ ಅಗುದು ಮುಚ್ಚಿ ಎರಡು ತಿಂಗ್ಳಾಯ್ತು ಸಾ. ಅಂಗೇ ಸಪಾಟಾಗೈತೆ. ನಾವೇನು ಹಿಂದುಳಿದೋರಾ?”

ಕಾಂತರಾಜು ಅರ್ಜಿಯನ್ನು ಸ್ವೀಕರಿಸಿ, ಫಲಕದ ಮೇಲಿಟ್ಟುಕೊಂಡು ‘ಶಿಫಾರಸು ಮಾಡಿದೆ’ ಎಂದು ಬರೆದು ಸಹಿ ಹಾಕಿದರು. ಸುಬ್ಬಮ್ಮ ಬಂದವರಿಗೆಲ್ಲ ಕರಿ ಕಾಫಿ ಕೊಟ್ಟರು. ಹಾಲು ಏಕಿಲ್ಲವೆಂದು ಯಾರೂ ಕೇಳಲಿಲ್ಲ. ಅವರವರ ಮನೆಯಲ್ಲೂ ಈಗ ಅದೇ ಕಾಫಿ.