ನಲ್ಲಿರಾಯರ ನಲ್ಲೆ

ಚಿತ್ರಮಂದಿರದ ಗಂಡಸರ ಬಚ್ಚಲಲ್ಲಿ ಒಂದು ನಲ್ಲಿ ಸೋರುತ್ತಿತ್ತು. ಲೋಕದಲ್ಲಿ ಎಷ್ಟೋ ನಲ್ಲಿಗಳು ಸೋರುತ್ತವೆ, ಅದರಿಂದ ಯಾರ ಮನೆಯೂ ಮುಳುಗುವುದಿಲ್ಲ. ಈ ನಲ್ಲಿ ಮಾತ್ರ ನಲ್ಲಿರಾಯರ ಸಂಸಾರಕ್ಕೇ ಕೈ ಹಾಕಿತು.

ನಲ್ಲಿರಾಯರು ಅನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಗೆ ದೂರು ಬಂದರೆ ಹೋಗಿ ನೋಡಿ ಸರಿಮಾಡಿ ಬರುವ ಕೆಲಸದಲ್ಲೇ ತಲೆ ನರೆತವರು, ಹಾಗಾಗಿ ಕಚೇರಿಯವರೇ ಇಟ್ಟದ್ದು. ಕೋಪ ಬಂದಾಗ ಹೆಂಡತಿಯೂ ಅದೇ ಹೆಸರಿಂದ ಕರೆಯುತ್ತಿದ್ದರು. ಮನುಷ್ಯ ಸಾಧು, ಮಾತು ಕಮ್ಮಿ. ಸೋರುವುದು ಯಾವುದೇ ಇರಲಿ, ಬಿಗಿದು ನಿಲ್ಲಿಸಬೇಕು ಅನ್ನುವುದು ಬಿಟ್ಟರೆ ಅವರಿಗೆ ಬೇರೆ ವೇದಾಂತ ಇರಲಿಲ್ಲ. ಕಣ್ಣೀರಿಗೂ ಅದೇ ನಿಯಮ. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ಕಂಡವರಿಲ್ಲ.

ಅವತ್ತು ಊಟ ಮುಗಿಸಿ, ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಚಿತ್ರಮಂದಿರಕ್ಕೆ ಹೋದರು. ವಾಷರ್ ಬದಲಿಸಿದರು, ತಿರುಗಿಸಿ ನೋಡಿದರು, ನಲ್ಲಿ ಬಾಯಿ ಮುಚ್ಚಿತು. ಹೊರಡಬೇಕು, ಅಷ್ಟರಲ್ಲಿ ಪಕ್ಕದ ಬಾಗಿಲ ಸಂದಿನಿಂದ ದಬದಬ ನೀರು ಸುರಿಯುವ ಸದ್ದು ಕೇಳಿಸಿತು. ನೀರಿನ ಸದ್ದು ಕೇಳಿಯೂ ಸುಮ್ಮನೆ ಮುಂದೆ ಹೋಗುವ ಜಾಯಮಾನ ಅವರದಲ್ಲ. 'ಯಾವ ಪೈಪು ಒಡೀತಪ್ಪ' ಅಂತ ಬಾಗಿಲು ತಳ್ಳಿ ಕತ್ತಲೆಯೊಳಗೆ ಇಣುಕಿದರು.

ನೀರು ಸುರಿಯುತ್ತಿದ್ದದ್ದು ತೆರೆಯ ಮೇಲೆ.

ಅದೊಂದು ಬಾಯಾರಿದ ಊರು. ನಲ್ಲಿಗಳೆಲ್ಲ ತುಕ್ಕು ಹಿಡಿದಿವೆ. ಅಲ್ಲೊಬ್ಬ ಬಾವಿ ತೋಡುವವನು, ಅಲ್ಲೊಬ್ಬಳು ಹೆಣ್ಣು. ಅವನು ಅವಳ ಜಡೆಯನ್ನು ಮೆಲ್ಲಗೆ ಬದಿಗೆ ಸರಿಸಿ ಕತ್ತಿನ ಹಿಂದೆ ಒಂದು ಬೆರಳಿಟ್ಟರೆ ಸಾಕು, ಊರಿನ ನಲ್ಲಿಗಳೆಲ್ಲ ತಾವಾಗಿಯೇ ಬಿಟ್ಟುಕೊಳ್ಳುತ್ತವೆ. ಜನ ಕೊಡ ಹಿಡಿದು ಓಡುತ್ತಾರೆ. ಅವಳು ಕಣ್ಣು ಮುಚ್ಚಿ ನಿಂತಿರುತ್ತಾಳೆ, ಒಂದು ಹನಿ ಅವಳ ಕಿವಿಯಿಂದ ಹೊರಟು ಹೆಗಲಿನ ಮೇಲೆ ಯಾವ ಅವಸರವೂ ಇಲ್ಲದೆ ಇಳಿಯುತ್ತದೆ.

'ಪಂಪು ಎಲ್ಲಿದೆ? ಒತ್ತಡ ಎಲ್ಲಿಂದ ಬಂತು?' ಅಂತ ನಲ್ಲಿರಾಯರ ಮನಸ್ಸು ಮೊದಲು ಕೇಳಿತು. ಅವನು ಎರಡನೇ ಸಲ ಬೆರಳಿಟ್ಟಾಗ ಆ ಪ್ರಶ್ನೆಗಳು ಎಲ್ಲಿ ಹೋದವೋ. ಚೀಲ ತೊಡೆಯ ಮೇಲಿಟ್ಟುಕೊಂಡು, ಇನ್ನೇನು ಎದ್ದೆ ಅನ್ನುವ ಹಾಗೆ ಕೊನೆಯ ಸಾಲಿನ ಕುರ್ಚಿಯ ಅಂಚಿನಲ್ಲಿ ಕುಳಿತರು. ಏಳಲಿಲ್ಲ.

ಕೊನೆಗೆ ಅವನು ತೋಡುತ್ತಿದ್ದ ಬಾವಿ ಕುಸಿಯಿತು, ಅವನು ಮಣ್ಣಿನಡಿ ಹೋದ. ಅವಳು ಬಾವಿಯ ದಂಡೆಯಲ್ಲಿ ನಿಂತಳು. ಮೊದಲು ಬೆರಳ ತುದಿ, ಆಮೇಲೆ ತೋಳು, ಆಮೇಲೆ ಕೂದಲು, ಹೀಗೆ ಇಡೀ ಹೆಣ್ಣು ನೀರಾಗಿ ಕರಗಿ ಅವನ ಹಿಂದೆಯೇ ಬಾವಿಗೆ ಇಳಿದುಹೋದಳು. ಬಾವಿ ತುಂಬಿತು. ನಲ್ಲಿರಾಯರ ಒಳಗೆ ವರ್ಷಗಟ್ಟಲೆ ಬಿಗಿದು ಕೂತಿದ್ದ ಯಾವುದೋ ವಾಷರ್ ಫಟ್ ಅಂತ ಹಾರಿತು.

ಅವರು ಗೋಡೆ ಹಿಡಿದುಕೊಂಡು ಹೊರಗೆ ಬರುವುದಕ್ಕೂ ಎದುರಿಗೆ ಮೀಟರಪ್ಪ ಸಿಗುವುದಕ್ಕೂ ಸರಿಹೋಯಿತು. ಮೀಟರಪ್ಪ ಅದೇ ಕಚೇರಿಯಲ್ಲಿ ಮನೆಮನೆಯ ಮೀಟರ್ ಓದುವವನು. ನೀರಿಗಿಂತ ಸುದ್ದಿ ಸರಬರಾಜಿನಲ್ಲಿ ಅವನ ಕೈ ಮುಂದು.

"ಅಯ್ಯೋ, ರಾಯ್ರೇ! ಏನಾಯ್ತ್ರೀ? ಯಾಕೆ ಹೀಗೆ ಅಳ್ತಿದ್ದೀರಿ?"

"ಅವಳು... ಹೋಗ್ಬಿಟ್ಲಪ್ಪಾ..."

"ಯಾರು? ಎಲ್ಲಿಗೆ?"

"ಬಾವಿಗೆ..." ನಲ್ಲಿರಾಯರು ತೋಳಿನಿಂದ ಕಣ್ಣೊರೆಸಿಕೊಂಡರು. "ಅವನ ಹಿಂದೆನೇ ಹೋಗ್ಬಿಟ್ಲು."

ಮೀಟರಪ್ಪ ಮುಂದೆ ಕೇಳಲಿಲ್ಲ. ಕೇಳಿದ್ದೇ ಬೇಕಾದಷ್ಟಾಗಿತ್ತು. ಸೈಕಲ್ ಹತ್ತಿ ಕಚೇರಿ ಕಡೆ ಹೊಡೆದ.

ನಲ್ಲಿರಾಯರು ಮುಖ ತೊಳೆದು ಕಚೇರಿ ಮುಟ್ಟುವಷ್ಟರಲ್ಲಿ ಎಲ್ಲರೂ ಸಾವಿನ ಮನೆಯ ಮುಖ ಹೊತ್ತು ಕಾಯುತ್ತಿದ್ದರು. ಟೈಪಿಸ್ಟಮ್ಮ ಬಿಸಿ ಚಹಾ ತಂದು ಕೈಗಿಟ್ಟರು. ಸಾಹೇಬರು ಕೋಣೆಯಿಂದ ತಾವೇ ಎದ್ದು ಬಂದರು, ಸಂಬಳ ಹೆಚ್ಚಿಸಿ ಅಂತ ಕಚೇರಿಯೆಲ್ಲ ಕೂಗಾಡಿದಾಗಲೂ ಆ ಕುರ್ಚಿ ಬಿಟ್ಟವರಲ್ಲ.

"ಧೈರ್ಯ ತಂದ್ಕೊಳ್ರಿ" ಅಂದರು ಸಾಹೇಬರು. "ತೀರಿಕೊಂಡೋರು ನಿಮಗೇನಾಗಬೇಕಿತ್ತು?"

ಸಿನಿಮಾದವಳು ಅನ್ನಬೇಕು ಅಂತ ನಲ್ಲಿರಾಯರ ನಾಲಿಗೆಯವರೆಗೆ ಬಂತು. ಕೆಲಸದ ಹೊತ್ತಿನಲ್ಲಿ ಸಿನಿಮಾ ನೋಡಿದೆ ಅಂತ ಯಾರ ಮುಂದೆ ಹೇಳುವುದು? ಈ ಸಾಹೇಬರ ಮುಂದೆಯೇ? ಮಾತು ಅಲ್ಲಿಂದಲೇ ಹಿಂದಕ್ಕೆ ಹೊರಳಿತು.

"ಹಳೇ ಪರಿಚಯ ಸಾರ್" ಅಂತ ಮೀಟರಪ್ಪನೇ ಉತ್ತರ ಕೊಟ್ಟ.

ಟೈಪಿಸ್ಟಮ್ಮ ದನಿ ತಗ್ಗಿಸಿ ಕೇಳಿದರು. "ಮದುವೆಗೆ ಮುಂಚಿನದಾ ಸರ್? ಆಮೇಲಿನದಾ?"

ನಲ್ಲಿರಾಯರು ತಲೆ ಅಡ್ಡ ಆಡಿಸಬೇಕೋ ಉದ್ದ ಆಡಿಸಬೇಕೋ ತಿಳಿಯದೆ ಎರಡನ್ನೂ ಸೇರಿಸಿ ಆಡಿಸಿದರು.

"ಎರಡೂ!" ಅಂತ ಟೈಪಿಸ್ಟಮ್ಮ ಎದೆ ಮುಟ್ಟಿಕೊಂಡರು. "ಹೆಸರೇನು ಸರ್ ಅವರದು?"

"ಹೆಸರು... ಹೆಸರು ಯಾರೂ ಹೇಳಲೇ ಇಲ್ಲ."

"ಹೆಸರೂ ಕೇಳದೆ ಪ್ರೀತಿಸಿದ್ರಾ!" ಟೈಪಿಸ್ಟಮ್ಮನ ಕಣ್ಣು ತುಂಬಿತು. ಅಂಥ ಗಂಡಸು ಇಷ್ಟು ದಿನ ಪಕ್ಕದ ಮೇಜಿನಲ್ಲೇ ಕೂತು ಪೈಪಿನ ಅಳತೆ ಬರೆಯುತ್ತಿದ್ದ ಅಂತ ಅವರು ಕನಸಲ್ಲೂ ಎಣಿಸಿರಲಿಲ್ಲ.

ಸಾಹೇಬರು ಗಂಟಲು ಸರಿಮಾಡಿಕೊಂಡು, "ಎಲ್ಲರೂ ಎದ್ದು ನಿಲ್ಲಿ" ಅಂದರು. ನೀರು ಸರಬರಾಜು ಕಚೇರಿ ತಲೆ ತಗ್ಗಿಸಿ ಮೌನ ಆಚರಿಸಿತು. ನಲ್ಲಿರಾಯರೂ ನಿಂತರು. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು. ಆದರೂ, ಆಕೆಗೆ ಈ ಮರ್ಯಾದೆ ಸಲ್ಲಬೇಕಾದದ್ದೇ ಅಂತ ಒಳಗೊಳಗೇ ಅನ್ನಿಸಿ ಮತ್ತೊಂದು ಸಲ ಬಿಕ್ಕಿದರು. ಸಾಹೇಬರು ಬೆನ್ನು ತಟ್ಟಿ, ಇವತ್ತಿಗೆ ಮನೆಗೆ ಹೋಗಿ ಅಂದರು. ಜೊತೆಗೆ ಮೀಟರಪ್ಪನನ್ನೂ ಕಳಿಸಿದರು. ಗಾಯಕ್ಕೆ ಉಪ್ಪು ಕಟ್ಟಿಕೊಟ್ಟ ಹಾಗೆ.

ದಾರಿಯಲ್ಲಿ ಮೀಟರಪ್ಪ ಒಂದೆರಡು ಮನೆಯ ಮೀಟರ್ ನೋಡುವ ನೆಪ ಮಾಡಿದ. ಅಷ್ಟೇ ಸಾಕಾಯಿತು. ಅವರು ಮನೆ ಮುಟ್ಟಿದಾಗ ಎದುರುಮನೆ ಅಜ್ಜಿ ಆಗಲೇ ಒಳಗೆ ಕೂತು ನಲ್ಲಿರಾಯರ ಹೆಂಡತಿಯ ಕೈ ಸವರುತ್ತಿದ್ದರು.

"ಗಂಡಸರೇ ಹೀಗಮ್ಮಾ" ಅನ್ನುತ್ತಿದ್ದರು ಅಜ್ಜಿ. "ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ."

ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬನ್ನಿ ನಲ್ಲಿರಾಯ್ರೇ. ಯಾರು ಅವಳು?"

ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಬಾಗಿಲಲ್ಲಿ ಕಿವಿಯಾಗಿ ನಿಂತ ಮೀಟರಪ್ಪ. ಸಿನಿಮಾ ಅಂದರೆ ಕೆಲಸಕ್ಕೆ ಕುತ್ತು, ಸಿನಿಮಾ ಅಲ್ಲ ಅಂದರೆ ಸಂಸಾರಕ್ಕೆ. ಅತ್ತ ದರಿ, ಇತ್ತ ಪುಲಿ. ನಲ್ಲಿರಾಯರು ಹೆಂಡತಿಯ ಮುಖ ನೋಡಿದರು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು ಅನ್ನಿಸಿತು.

"ಸಿನಿಮಾದವಳು ಕಣೇ! ನಲ್ಲಿ ರಿಪೇರಿಗೆ ಹೋದೋನು ಸಿನಿಮಾ ನೋಡ್ತಾ ಕೂತ್ಬಿಟ್ಟೆ. ಕೊನೇಲಿ ಅವಳು ನೀರಾಗಿ ಹೋಗ್ತಾಳೆ. ಅಳು ತಡೆಯೋಕಾಗಲಿಲ್ಲ, ಅಷ್ಟೇ."

"ಏನ್ರೀ ಇದು!" ಮೀಟರಪ್ಪ ಚೀರಿದ. "ನಾವೆಲ್ಲ ಎದ್ದು ನಿಂತು ಮೌನ ಆಚರಿಸಿದ್ದು ಸಿನಿಮಾದವಳಿಗಾ? ಅದೂ ಡ್ಯೂಟಿ ಟೈಮಲ್ಲಿ!" ಅನ್ನುತ್ತ ಸಾಹೇಬರಿಗೆ ಫೋನ್ ಮಾಡಲು ಅಂಗಳಕ್ಕೆ ಹಾರಿದ.

"ಹೆಂಗಸು ನೀರಾಗ್ತಾಳಾ?" ಅಂದರು ಅಜ್ಜಿ. "ಸುಳ್ಳು ಹೇಳೋದಾದ್ರೂ ಒಂದು ಲೆಕ್ಕ ಬೇಡವೇನಪ್ಪಾ?"

"ನಿಜ ಅಜ್ಜೀ! ಅವನು ಅವಳ ಕತ್ತಿನ ಹಿಂದೆ ಬೆರಳಿಟ್ರೆ ಊರಿನ ನಲ್ಲಿಯೆಲ್ಲಾ ಬಿಟ್ಕೊಳ್ಳುತ್ತೆ. ಜಡೆ ಹೀಗೆ ಸರಿಸ್ತಾನೆ, ಹೂವಿಗೆ ನೋವಾಗುತ್ತೋ ಅನ್ನೋ ಹಾಗೆ. ಅವಳು ಕಣ್ಣು ಮುಚ್ಚಿದ್ರೆ ನಮ್ಮ ಎದೆ ಝಲ್ ಅನ್ನುತ್ತೆ. ಒಂದು ಹನಿ ಇಳಿಯುತ್ತೆ ನೋಡಿ ಹೆಗಲ ಮೇಲೆ, ಆ ಹನಿ ನಾನೇ ಆಗಿದ್ರೆ ಅನ್ನಿಸಿಬಿಡ್ತು..."

ನಲ್ಲಿರಾಯರು ಇಷ್ಟು ಉದ್ದಕ್ಕೆ ಮಾತಾಡಿದ್ದು ಆ ಮನೆಯ ಗೋಡೆಗಳಿಗೂ ಹೊಸದು. ಹೆಂಡತಿ ಹುಬ್ಬು ಗಂಟಿಕ್ಕಿಕೊಂಡೇ ಕೇಳಿದರು.

"ಕತ್ತಿನ ಹಿಂದೆ ಅಂದ್ರೆ ಎಲ್ಲಿ? ತೋರಿಸಿ."

ನಲ್ಲಿರಾಯರು ತಮ್ಮ ಕತ್ತಿನ ಹಿಂದೆ ಬೆರಳಿಟ್ಟು ತೋರಿಸಿದರು.

"ನಿಮ್ಮ ಕತ್ತಿನ ಮೇಲೆ ತೋರಿಸಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು?"

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಲ್ಲಿರಾಯರು ಕಿವಿಯವರೆಗೂ ಕೆಂಪಾದರು. ಬೆರಳು ಅಲ್ಲೇ ನಿಂತಿತು.

"ಸರಿ, ಏಳಿ" ಅಂದರು ಹೆಂಡತಿ. "ಸಂಜೆ ಆಟಕ್ಕೆ ಹೋಗೋಣ. ನೀವು ಹೇಳಿದ್ದು ನಿಜವೋ ಸುಳ್ಳೋ ಕಣ್ಣಾರೆ ನೋಡ್ತೀನಿ." ಒಳಗೆ ಹೋದವರು ಬಾಚಿದ ತಲೆಯನ್ನೇ ಮತ್ತೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಬಂದರು. ವಿಚಾರಣೆಗೆ ಇಷ್ಟು ಅಲಂಕಾರ ಯಾಕೆ ಅಂತ ಕೇಳುವ ಧೈರ್ಯ ನಲ್ಲಿರಾಯರಿಗೆ ಆಗಲಿಲ್ಲ.

ಸಂಜೆಯ ಆಟಕ್ಕೆ ಒಂದು ದಿಬ್ಬಣವೇ ಹೊರಟಿತು. ಸಾಕ್ಷಿಗೆ ಅಂತ ಅಜ್ಜಿ, ಅಜ್ಜಿಗೆ ಅಂತ ಬಾಯಾಡಿಸಲು ಕಡಲೆ, ಕಚೇರಿಯ ಪರವಾಗಿ ಮೀಟರಪ್ಪ. ಚಿತ್ರಮಂದಿರದ ಮೆಟ್ಟಿಲಲ್ಲಿ ಸಾಹೇಬರು ಕೈಕಟ್ಟಿ ನಿಂತಿದ್ದರು. ನಲ್ಲಿರಾಯರನ್ನು ಕಂಡು ಒಂದು ಮಾತೂ ಆಡಲಿಲ್ಲ. ಆ ಮೌನ ಮಧ್ಯಾಹ್ನದ ಮೌನದಂಥದ್ದಲ್ಲ.

ಒಳಗೆ ಗಂಡ ಹೆಂಡತಿ ಒಟ್ಟಿಗೆ ಕೂತರು, ಹೆಂಡತಿಯ ಆಚೆ ಅಜ್ಜಿ. ಸಾಹೇಬರೂ ಮೀಟರಪ್ಪನೂ ಹಿಂದಿನ ಸಾಲಿನಲ್ಲಿ, ಕಳ್ಳನನ್ನು ಕಾಯುವ ಪೊಲೀಸರಂತೆ. ದೀಪ ಆರಿತು. ಬಾಯಾರಿದ ಊರು ತೆರೆಯ ಮೇಲೆ ಬಂತು. ನಲ್ಲಿರಾಯರು ಹೋದ ಉಸಿರು ಬಂದವರ ಹಾಗೆ, "ನೋಡು, ಇದೇ ಊರು" ಅಂದರು.

ಬಾವಿ ತೋಡುವವನು ಬಂದ, ಮಣ್ಣು ಮೆತ್ತಿದ ಅಗಲ ತೋಳು, ಬೆವರಲ್ಲಿ ಹೊಳೆಯುವ ಎದೆ. ಅವಳು ಕೊಡ ಹೊತ್ತು ಎದುರಿಗೆ ಬಂದಳು.

"ಈಗ ಕೊಡ ಬೀಳುತ್ತೆ" ಅಂತ ಹೆಂಡತಿ ಪಿಸುಗುಟ್ಟಿದರು.

ಕೊಡ ಬಿತ್ತು.

ನಲ್ಲಿರಾಯರು ತಿರುಗಿ ನೋಡಿದರು. ಹೆಂಡತಿಯ ಕಣ್ಣು ತೆರೆಯ ಮೇಲೆ, ತುಟಿ ಮೆಲ್ಲಗೆ ಅಲುಗುತ್ತಿತ್ತು. "ನಿನ್ನ ದಾಹ ಎಷ್ಟು ಆಳ ಅಂತ ಹೇಳು, ಅಷ್ಟು ಆಳಕ್ಕೆ ತೋಡ್ತೀನಿ" ಅಂತ ಅವರ ತುಟಿ ಹೇಳಿ ಮುಗಿಸಿದ ಮೇಲೆ ತೆರೆಯ ಮೇಲಿನವನು ಅದನ್ನೇ ಹೇಳಿದ.

"ಲೇ! ಈ ಸಿನಿಮಾ ನೀನು ನೋಡಿದ್ದೀಯಾ?"

"ಶ್! ಒಳ್ಳೇ ಜಾಗ ಬರ್ತಿದೆ, ಸುಮ್ನಿರಿ."

"ಎಷ್ಟು ಸಲ?"

"ಯಾರು ಎಣಿಸ್ತಾರೆ? ನೀವು ಮಧ್ಯಾಹ್ನ ಆಫೀಸಲ್ಲಿರ್ತೀರಲ್ಲ."

ನಲ್ಲಿರಾಯರಿಗೆ ಕುರ್ಚಿ ಕೆಳಗಿಂದ ಜಾರಿದ ಹಾಗಾಯಿತು. "ಹಾಗಾದ್ರೆ ನಾನು ಮನೇಲಿ ಹೇಳಿದ್ದೆಲ್ಲಾ ನಿಜ ಅಂತ ನಿನಗೆ ಗೊತ್ತಿತ್ತು?"

"ಮೊದಲನೇ ಮಾತಿಗೇ ಗೊತ್ತಾಯ್ತು."

"ಮತ್ತೆ ಯಾಕೆ ಅಷ್ಟು ಗೋಳಾಡಿಸಿದೆ?"

ಹೆಂಡತಿ ಈಗ ಅವರ ಕಡೆ ತಿರುಗಿದರು. "ಕಟ್ಕೊಂಡಾಗಿನಿಂದ ನಿಮ್ಮ ಬಾಯಲ್ಲಿ ಹೆಗಲು, ಹನಿ, ಎದೆ ಝಲ್ ಅನ್ನೋ ಮಾತು ಬಂದಿದ್ದು ಇವತ್ತೇ ಕಣ್ರೀ. ಇನ್ನಷ್ಟು ಬರಲಿ ಅಂತ ಬಿಟ್ಟೆ. ನಡುವೆ ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

ನಲ್ಲಿರಾಯರು ಕತ್ತಲೆಯಲ್ಲಿ ಹೆಂಡತಿಯ ಕೈ ಹುಡುಕಿ ಹಿಡಿದುಕೊಂಡರು. ಅವರೂ ಬಿಡಿಸಿಕೊಳ್ಳಲಿಲ್ಲ. ಬೆಚ್ಚಗಿನ, ಒರಟು ಕೈ. ಇಷ್ಟು ವರ್ಷ ಪಕ್ಕದಲ್ಲೇ ಇದ್ದದ್ದು. ಇಡೀ ದಿನದಲ್ಲಿ ಮೊದಲ ಸಲ ಅವರ ಮನಸ್ಸು ತಣ್ಣಗಾಯಿತು.

ಬಾವಿ ಕುಸಿದಾಗ ಹಿಂದಿನ ಸಾಲಿನಲ್ಲಿ ಯಾರೋ ಎಮ್ಮೆಗರು ಕೂಗಿದ ಹಾಗೆ ಅತ್ತರು. ಅದು ಮೀಟರಪ್ಪ. ಅಜ್ಜಿ ಕಡಲೆ ಪೊಟ್ಟಣದಲ್ಲೇ ಮೂಗು ಒರೆಸಿಕೊಂಡರು.

ಆಟ ಬಿಟ್ಟ ಮೇಲೆ ಸಾಹೇಬರು ಮೆಟ್ಟಿಲಲ್ಲಿ ನಲ್ಲಿರಾಯರನ್ನು ತಡೆದರು. ಕಣ್ಣು ಕೆಂಡದಂತೆ ಕೆಂಪಾಗಿತ್ತು, ಕೋಪಕ್ಕಲ್ಲ.

"ನೋಡ್ರಿ, ನಿಮ್ಮ ದುಃಖ ನನಗೆ ಅರ್ಥ ಆಯ್ತು" ಅಂದರು, ಕರ್ಚೀಫು ಹಿಂಡುತ್ತ. "ಅವಳು ಹಾಗೆ ಹೋಗಬಾರದಿತ್ತು."

ನಲ್ಲಿರಾಯರ ಮುಖ ಅರಳಿತು. "ಅಲ್ವಾ ಸಾರ್?"

"ಅಲ್ದೆ ಮತ್ತೆ? ಆದ್ರೆ ಡ್ಯೂಟಿ ಡ್ಯೂಟಿನೇ. ನಿಮಗೆ ಒಂದು ದಿನದ ರಜೆ ಕಟ್. ಇನ್ನು ಒಂದು ವಾರ ಮಧ್ಯಾಹ್ನ ಕುರ್ಚಿ ಬಿಟ್ಟು ಏಳೋ ಹಾಗಿಲ್ಲ. ಹೊರಗಿನ ದೂರು ಮೀಟರಪ್ಪ ನೋಡ್ಕೊಳ್ತಾನೆ." ಹೇಳಿ ಮೂಗೆಳೆದುಕೊಂಡು ಹೊರಟುಹೋದರು.

ಹೋಗಲಿ, ಕೆಲಸವಾದರೂ ಉಳಿಯಿತು, ಹೆಂಡತಿಯೂ ಉಳಿದಳು ಅಂದುಕೊಂಡು ನಲ್ಲಿರಾಯರು ಮನೆಯ ದಾರಿ ಹಿಡಿದರು. ಅಜ್ಜಿ ನಾಲ್ಕು ಹೆಜ್ಜೆ ಮುಂದೆ ಹೋಗಲಿ ಅಂತ ಕಾದು, ಹೆಂಡತಿಯ ಪಕ್ಕಕ್ಕೆ ಬಂದರು.

"ಅಲ್ವೇ, ಅವಳು ನೀರಾಗಿ ಹೋಗುವಾಗ ನೀನು ಒಂದು ಹನಿನೂ ಅಳಲಿಲ್ಲ?"

"ಅವಳಿಗೆ ಯಾಕೆ ಅಳಲಿ?" ಅಂದರು ಹೆಂಡತಿ. "ಅಷ್ಟು ಹೊತ್ತಿಗೆ ನನ್ನ ಕಣ್ಣೀರೆಲ್ಲಾ ಖರ್ಚಾಗಿತ್ತು. ನಾನು ಅತ್ತಿದ್ದು ಅವನಿಗೆ."

"ಯಾರಿಗೆ? ಆ ಬಾವಿ ತೋಡೋನಿಗಾ?"

"ಹೂಂ. ಎಂಥ ತೋಳು ರೀ ಅವನದು!"

ನಲ್ಲಿರಾಯರು ನಡೆಯುವುದನ್ನು ನಿಲ್ಲಿಸಿದರು. ಮಧ್ಯಾಹ್ನದಿಂದ ಊರೆಲ್ಲ ತಮ್ಮ ನಲ್ಲೆಯನ್ನು ಹುಡುಕುತ್ತಿದ್ದರೆ ಮನೆಯಲ್ಲಿ ಹೀಗೊಬ್ಬ ನಲ್ಲ ಇದ್ದ! "ಅವನಲ್ಲಿ ಅಂಥದ್ದೇನಿದೆಯೇ?"

"ಅವನು ಮುಟ್ಟಿದ್ರೆ ಊರ ನಲ್ಲಿಯೆಲ್ಲಾ ಹರಿಯುತ್ತೆ. ನೀವು ಮುಟ್ಟಿದ್ರೆ ಹರಿಯೋ ನಲ್ಲಿನೂ ನಿಲ್ಲುತ್ತೆ."

ನಲ್ಲಿರಾಯರು ಹಿಂದೆ ಮುಂದೆ ನೋಡಿದರು. ಅಜ್ಜಿ ಆಗಲೇ ತಿರುವು ದಾಟಿದ್ದರು, ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆಂಡತಿಯ ಜಡೆಯನ್ನು ಮೆಲ್ಲಗೆ ಬದಿಗೆ ಸರಿಸಿ, ಕತ್ತಿನ ಹಿಂದೆ ಒಂದು ಬೆರಳಿಟ್ಟರು. ಹೆಂಡತಿ ಕಣ್ಣು ಮುಚ್ಚಿ ನಿಂತರು. ಊರಿನ ಯಾವ ನಲ್ಲಿಯಿಂದಲೂ ಒಂದು ಹನಿ ನೀರು ಬರಲಿಲ್ಲ.

"ಪರವಾಗಿಲ್ಲ, ರೂಢಿ ಮಾಡ್ಕೊಳ್ಳಿ" ಅಂದರು ಹೆಂಡತಿ, ಕಣ್ಣು ತೆರೆದು ನಗುತ್ತ. "ಅಂದ ಹಾಗೆ, ನಾಳೆ ಮಧ್ಯಾಹ್ನ ನಾನು ಮನೇಲಿರಲ್ಲ. ವಾರ ಕಳೆದ್ರೆ ಈ ಸಿನಿಮಾ ತೆಗೀತಾರಂತೆ, ಅಲ್ಲೀವರೆಗೆ ದಿನಾ ಅವನನ್ನ ಒಂದ್ಸಲ ನೋಡಿ ಬರ್ತೀನಿ."

"ಹಾಗಾದ್ರೆ ನಾನೂ ಬರ್ತೀನಿ!"

"ನೀವು ಹೇಗೆ ಬರ್ತೀರಿ?" ಹೆಂಡತಿ ಜಡೆ ಸರಿಮಾಡಿಕೊಂಡು ಮುಂದೆ ನಡೆದರು. "ನಿಮಗೆ ಡ್ಯೂಟಿ ಇದೆಯಲ್ಲ!"