ಮಂಡಿನೋವಿನ ಬೀದಿ

ಸಂಕೋಚದ ಮನುಷ್ಯನಿಂದ ಯಾರಿಗೂ ಕೇಡಿಲ್ಲ ಎಂದು ಜನ ನಂಬಿದ್ದಾರೆ. ಶುದ್ಧ ತಪ್ಪು. ಒರಟನೊಬ್ಬ ಬೈದರೆ ನಾಲ್ಕು ದಿನ ಮನಸ್ಸು ಕೆಟ್ಟೀತು, ಅಷ್ಟೆ. ಸಂಕೋಚದವನು ಮಾಡಿದ ಅನಾಹುತಕ್ಕೆ ಆಸ್ಪತ್ರೆಯೇ ಬೇಕಾಗುತ್ತದೆ. ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ. ಆ ಸಂಕೋಚದವನು ನಾನೇ.

ತಮಿಳುನಾಡಿನ ತೇವಾರಂನಲ್ಲಿ ನಾನು ಶಾಲಾ ಮೇಷ್ಟ್ರು. ನಮ್ಮ ಬೀದಿಯವರದು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಬೇಸಿಗೆ ರಜೆಗೆ, ದಿಂಡಿಗಲ್ ಕಡೆಯ ಸೇವಾಸಂಸ್ಥೆಯೊಂದು ಊರಿನವರ ಆರೋಗ್ಯಕ್ಕೆ ಏನೇನು ಬೇಕೆಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಲು ಸೆಲ್ವಿ ಎಂಬ ಹುಡುಗಿಯನ್ನು ಕಳಿಸಿತು. ಅವಳಿಗೆ ಕನ್ನಡ ಬಾರದು. ವಯಸ್ಸಾದ ಹೆಂಗಸರು ಮನೆಮಾತಿನಲ್ಲಾದರೆ ಬಾಯಿಬಿಟ್ಟಾರು ಎಂದುಕೊಂಡು, ಮಧ್ಯೆ ನಿಂತು ತಮಿಳಿನಲ್ಲಿ ಹೇಳಲು ನನ್ನನ್ನು ಕರೆದರು. ಹಾಗಂತ ನಮ್ಮ ಹೆಂಗಸರಿಗೆ ತಮಿಳು ಬಾರದೆಂದಲ್ಲ. ಕಂಬಂ ಸಂತೆಯಲ್ಲಿ ತಮಿಳಿನಲ್ಲೇ ಚೌಕಾಶಿ ಮಾಡಿ ವ್ಯಾಪಾರಿಗಳ ಬೆವರಿಳಿಸಿದವರು ಅವರು. ಆದರೆ ಸಂತೆಯ ಮಾತಿನಲ್ಲಿ ಮೈಯ ನೋವು ಹೇಳಿಕೊಳ್ಳಲು ಅವರಿಗೆ ಮನಸ್ಸಾಗುವುದಿಲ್ಲ. ನಾನೋ ಮೈಸೂರಿನಲ್ಲಿ ನಾಲ್ಕು ವರ್ಷ ಓದಿ ಬಂದವನು. ಈ ಕೆಲಸಕ್ಕೆ ನನ್ನನ್ನು ಬಿಟ್ಟರೆ ಇನ್ನಾರು ಎಂದು ಎದೆಯುಬ್ಬಿಸಿಕೊಂಡೇ ಹೊರಟೆ.

ಮೊದಲ ಮನೆ ದ್ರಾಕ್ಷಿ ತೋಟದ ಯಜಮಾನರದು. ಮರುವಾರ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. "ಯಾರ್ಗೂ ಒಂದೂ ಇಲ್ಲೆ, ಎಲ್ಲಾರೂ ಸೌಕ್ಯವಾಗಿದ್ದೀವಿ," ಎಂದು ಅಷ್ಟು ಹೇಳುವುದರೊಳಗೆ ಅವರು ಮೂರು ಸಲ ಕೆಮ್ಮಿದರು. ಸೆಲ್ವಿ ನನ್ನ ಮುಖ ನೋಡಿದಳು. "ಸೌಖ್ಯ," ಎಂದೆ. ಮುಂದಿನ ಮನೆಯವನು, "ಕುಡ್ದು ಕುಡ್ದು ಹೊಟ್ಟೆ ಸುಟ್ಟೋಗೈತೆ," ಎಂದ. ಹೊರಗಿನ ಹುಡುಗಿಯ ಎದುರು ನಮ್ಮ ಬೀದಿಯ ಮಾನ ಹೋಗಬಾರದಲ್ಲ! ಖಾರ ಒಗ್ಗುವುದಿಲ್ಲವಂತೆ ಎಂದು ತಮಿಳಿನಲ್ಲಿ ಹೇಳಿದೆ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ನನಗೂ ಆವತ್ತೇ ಗೊತ್ತಾದದ್ದು.

ಮೂರನೆಯದು ರಂಗಮ್ಮಾಳ್ ಅತ್ತೆಯ ಮನೆ. ನನ್ನ ತಂದೆಯ ತಂಗಿ. ತಾಯಿಯಿಲ್ಲದ ನನ್ನ ಮೂಗೊರೆಸಿ, ತಲೆ ಬಾಚಿ ಶಾಲೆಗೆ ಕಳಿಸಿದವಳು. ಗಂಡ ಹೋದಮೇಲೆ ದ್ರಾಕ್ಷಿ ತೋಟಗಳಲ್ಲಿ ಬುಟ್ಟಿ ಹೊತ್ತು ಬದುಕಿದವಳು. ಸೆಲ್ವಿ ಕಾಗದ ಬಿಚ್ಚಿ ಕೂತಳು. ಅತ್ತೆ ಬಾಗಿಲು ಮುಂದೆ ಮಾಡಿ ಬಂದು, ದನಿ ತಗ್ಗಿಸಿ ಹೇಳಿದಳು: "ಸಾಮೀ, ನಾಕು ವರ್ಸವಾಗಿ ಗರ್ಬ ಕೆಳಕ್ಕೆ ಇಳ್ದೈತೆ. ಬುಟ್ಟಿ ಎತ್ತುದ್ರೆ ಹೊರಕ್ಕೇ ಬತ್ತದೆ. ಬಟ್ಟೆ ಕಟ್ಕಂಡು ತೋಟಕ್ಕೆ ಓಯ್ತೀನಿ. ನನ್ನ ಸೊಸೆ ತಾವೂ ಹೇಳಿಲ್ಲೆ. ಈ ಮಗೀಗೆ ವಿವರವಾಗಿ ಸೊಲ್ಲಪ್ಪಾ."

ನನ್ನ ಕಿವಿ ಬಿಸಿಯಾಯಿತು. ಹೆತ್ತ ತಾಯಿಯಂಥವಳು, ಎದುರಿಗೆ ವಯಸ್ಸಿನ ಹುಡುಗಿ, ನಡುವೆ ನಾನು. ಆ ಮಾತನ್ನು ನನ್ನ ಬಾಯಲ್ಲಿ ಹೇಗೆ ಆಡಲಿ?

"ಎನ್ನಣ್ಣೇ ಸೊಲ್‌ರಾಂಗ?" ಏನು ಹೇಳುತ್ತಾರೆ ಎಂದು ಸೆಲ್ವಿ ಕೇಳಿದಳು.

"ಮೂಟ್ಟು ವಲಿ," ಎಂದುಬಿಟ್ಟೆ. ಅಂದರೆ ಮಂಡಿನೋವು.

ಸೆಲ್ವಿ ಬರೆದುಕೊಂಡಳು. ಅತ್ತೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದುಹೋಗಿ ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟಳು. ನಾನು ಅದನ್ನು ಕುಡಿದೆ.

ಆಮೇಲೆ ಕೆಲಸ ಸುಲಭವಾಯಿತು. ಬಿಳಿ ಹೋಗುವುದು, ಉರಿಮೂತ್ರ, ಹೆಂಗಸರ ಸೊಂಟದ ಕೆಳಗಿನ ಸಂಕಟವೇನಿದ್ದರೂ ನನ್ನ ತಮಿಳಿನಲ್ಲಿ ಮಂಡಿಗೆ ಬಂದು ನಿಲ್ಲುತ್ತಿತ್ತು. ಸಂಸ್ಥೆಯವರು ಕಾಗದಗಳನ್ನೆಲ್ಲ ಕೂಡಿ ನೋಡಿ, ಈ ಬೀದಿಯ ಹೆಂಗಸರ ದೊಡ್ಡ ಪಿಡುಗು ಮಂಡಿನೋವು ಎಂದು ತೀರ್ಮಾನಿಸಿದರು. ಎರಡು ತಿಂಗಳಿಗೆ ನಮ್ಮ ಶಾಲೆಯ ಅಂಗಳದಲ್ಲೇ ಶಿಬಿರ ನಡೆಯಿತು. ಮಂಡಿಯ ಡಾಕ್ಟರು ಬಂದರು, ಒಬ್ಬೊಬ್ಬರಿಗೂ ಮುಲಾಮಿನ ಟ್ಯೂಬು ಕೊಟ್ಟರು. ನಮ್ಮವರು ಕೊಟ್ಟದ್ದನ್ನು ಬೇಡವೆನ್ನುವವರಲ್ಲ. ಸಾಲಿನಲ್ಲಿ ನಿಂತು ತೆಗೆದುಕೊಂಡರು. ಅತ್ತೆಯೂ ನಿಂತಿದ್ದಳು. ನನಗೆ ಶಾಲು ಹೊದಿಸಿದರು. ಆಗಲಾದರೂ ಡಾಕ್ಟರ ಕಿವಿಯಲ್ಲಿ ಒಂದು ಮಾತು ಹಾಕಬಹುದಿತ್ತು. ಹಾಕಲಿಲ್ಲ. ಶಾಲು ಹೊದ್ದವನಿಗೆ ಬಾಯಿ ಬಿಡುವುದು ಇನ್ನೂ ಕಷ್ಟ.

ಅದಾಗಿ ಕೆಲವು ತಿಂಗಳಿಗೆ ಅತ್ತೆ ತೋಟದಲ್ಲೇ ಕುಸಿದುಬಿದ್ದಳು. ಸೀರೆಯೆಲ್ಲ ರಕ್ತ. ಕಾರು ಮಾಡಿಕೊಂಡು ತೇನಿಯ ಆಸ್ಪತ್ರೆಗೆ ಒಯ್ದೆವು. ಹುಣ್ಣಾಗಿ ಕೀವು ತುಂಬಿತ್ತಂತೆ, ಗರ್ಭಕೋಶ ತೆಗೆದರು. ಉಳಿದಳು, ಆದರೆ ಇನ್ನುಮುಂದೆ ಬುಟ್ಟಿ ಎತ್ತುವ ಹಾಗಿಲ್ಲ, ಮೂತ್ರ ತಡೆಯಲಾಗುವುದಿಲ್ಲ. "ಮೊದಲೇ ಒಬ್ಬರಿಗಾದರೂ ಹೇಳಬಾರದಾಗಿತ್ತೇನಮ್ಮಾ?" ಎಂದು ಡಾಕ್ಟರಮ್ಮ ಗದರಿದರು. ಅತ್ತೆ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ಓದುತ್ತಿದ್ದೆ.

ಅವರು ಹೋದಮೇಲೆ ಮಂಚದ ಪಕ್ಕ ಕೂತೆ. "ಅತ್ತೇ, ಆವತ್ತು ಆ ಹುಡುಗಿಗೆ ನಾನು..."

"ಮೂಟ್ಟು ವಲಿ ಅಂದೆ. ನಂಗೆ ಕೇಳ್ತಲ್ಲ."

"ಕೇಳಿಸ್ತಾ? ಹಾಗಾದ್ರೆ ನೀನೇ ತಮಿಳಲ್ಲಿ ಹೇಳಬಾರದಿತ್ತಾ?"

"ಆ ಮಗಿನ ಎದುರ್ಗೆ ನಿನ್ನ ಮರ್ವಾದಿ ಯಾಕೆ ತೆಗೀಲಿ ಸಾಮೀ? ವಾತಿಯಾರು ನೀನು," ಎಂದಳು ಅತ್ತೆ. ಮೇಷ್ಟ್ರಿಗೆ ನಮ್ಮ ಕಡೆ ವಾತಿಯಾರು ಎನ್ನುತ್ತಾರೆ. "ನಾಚ್ಕೆಗೆ ಹಂಗಂದೆ, ನಾಳಿಕ್ಕೆ ಓಗಿ ಸರಿಯಾಗಿ ಹೇಳ್ತೀಯ ಅಂದ್ಕಂಡೆ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಸಂಜೆಯ ಬಸ್ಸಿಗೆ ಊರಿಗೆ ಬಂದಿಳಿದೆ. ನಿಲ್ದಾಣದಲ್ಲೇ ಬೀದಿಯ ನಾಲ್ಕಾರು ಹೆಂಗಸರು ಸುತ್ತುವರಿದರು. ಎಲ್ಲರೂ ಮುಲಾಮು ಪಡೆದವರೇ. "ರಂಗಮ್ಮಾಳ್‌ಗೆ ಏನಾಗಿತ್ತಪ್ಪಾ? ಎಂಥ ಆಪರೇಶನು?" ಎಂದು ಕೇಳಿದರು. ಹೇಳಿದರೆ ಅವರಲ್ಲಿ ಒಬ್ಬಿಬ್ಬರಾದರೂ ಮರುದಿನವೇ ತೇನಿಯ ಬಸ್ಸು ಹತ್ತುತ್ತಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗಂಟಲು ಸರಿಮಾಡಿಕೊಂಡೆ, ಮೇಲುವಸ್ತ್ರ ಸರಿಮಾಡಿಕೊಂಡೆ.

"ಹೊಟ್ಟೆದು," ಎಂದೆ.

ಮಂಡಿಯಿಂದ ಅಷ್ಟು ಮೇಲೆ ಹತ್ತಿದ್ದೇ ದೊಡ್ಡ ಸಾಹಸವೆಂಬಂತೆ ಬಿರಬಿರನೆ ಮನೆಗೆ ನಡೆದೆ.