ಗೋಣಿಚೀಲದ ಜನಾಭಿಪ್ರಾಯ

ರಿಪೇರಿಯಾದ ಫೋನುಗಳನ್ನು ಚಾಲೂ ಮಾಡಿ ನಾಲ್ಕು ದಿನ ಕಪಾಟಿನಲ್ಲಿಟ್ಟು ಪರೀಕ್ಷಿಸುವುದು ಆ ಮೊಬೈಲ್ ರಿಪೇರಿ ಅಂಗಡಿಯವನ ಅಭ್ಯಾಸ. ಆ ಅಚ್ಚುಕಟ್ಟುತನವೇ ಅವನ ಕುತ್ತಿಗೆಗೆ ಬಂತು.

ಬೆಳಿಗ್ಗೆ ಬಂದಾಗ ಶಟರಿನ ಮೇಲೊಂದು ನೋಟೀಸು: ‘ಈ ಹತ್ತಡಿ ಮಳಿಗೆಯಲ್ಲಿ ಹಗಲಿರುಳೂ ನಲವತ್ತೊಂದು ಜನ ನೆರೆದಿರುವುದು ಫೋನುಗಳ ದತ್ತಾಂಶದಿಂದ ಖಚಿತವಾಗಿದೆ. ಅವರಿಗೆ ಶೌಚಾಲಯವಿಲ್ಲ. ಆದ್ದರಿಂದ ಮಳಿಗೆಯನ್ನು ಇಂದೇ ಕೆಡವಿ ಶೌಚಾಲಯ ಕಟ್ಟಲಾಗುವುದು. ನಗರಸಭೆ.’

ಅವನು ಶಟರು ಎತ್ತಿ ಒಳಗೆ ನುಗ್ಗಿದ. ಕಪಾಟಿನ ಫೋನುಗಳನ್ನು ಎಣಿಸಿದ. ಸರಿಯಾಗಿ ನಲವತ್ತೊಂದು.

“ಓಟು ಹಾಕಿ ನಗರಸಭೆಗೆ ಒಬ್ಬ ಸದಸ್ಯರನ್ನ ಕಳಿಸಿದೀವಲ್ಲ, ಅವರನ್ನೇ ಕೇಳ್ತೀನಿ!”

ಪಕ್ಕದಂಗಡಿಯ ದರ್ಜಿ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ನಕ್ಕ. “ಯಾವ ಕಾಲದಲ್ಲಿದೀಯಣ್ಣ? ಅವರೂ ಈಗ ಪರದೆ ನೋಡೇ ಕೈ ಎತ್ತೋದು. ಫೋನು ಎಲ್ಲಿಗೆ ಹೋಗುತ್ತೋ ಅದೇ ಜನರ ಓಟು.”

“ಹಾಗಾದ್ರೆ ಎಲ್ಲ ಫೋನೂ ಆಫ್ ಮಾಡ್ಲಾ?”

“ಮಾಡು! ನಲವತ್ತೊಂದು ಜನ ಒಟ್ಟಿಗೆ ಸತ್ರು ಅಂತ ಪೊಲೀಸರು ಬರ್ತಾರೆ. ಹೊತ್ಕೊಂಡು ಹೋಗಿ ನಗರಸಭೆ ಆಫೀಸಲ್ಲೇ ಸುರಿ, ಕಣ್ಣಾರೆ ನೋಡ್ಲಿ.”

“ನೀನೂ ಬಾ.”

“ನಾನ್ಯಾಕೆ? ಶೌಚಾಲಯ ಆದ್ರೆ ನನಗೂ ಅನುಕೂಲ ಅಲ್ವಾ?” ಎಂದು ದರ್ಜಿ ಹೊಲಿಗೆಯಂತ್ರ ತುಳಿಯತೊಡಗಿದ.

ಫೋನು ತುಂಬಿದ ಗೋಣಿಚೀಲ ಅವನ ಬೆನ್ನಿಗೇರಿತು. ದಾರಿಯುದ್ದಕ್ಕೂ ಅದು ಹೆರಿಗೆ ವಾರ್ಡಿನಂತೆ ಒಂದೊಂದು ಮೂಲೆಯಿಂದ ಒಂದೊಂದು ರಾಗದಲ್ಲಿ ಚೀರುತ್ತಿತ್ತು.

“ನೋಡಿ ಮೇಡಂ, ಇವೇ ನಿಮ್ಮ ನಲವತ್ತೊಂದು ಜನ!” ಎಂದು ದತ್ತಾಂಶ ಅಧಿಕಾರಿಯ ಮೇಜಿನ ಮೇಲೆ ಸುರಿದ.

ಆಕೆ ಫೋನುಗಳತ್ತ ನೋಡಲಿಲ್ಲ. ಪರದೆ ನೋಡಿ ಹೌಹಾರಿದಳು. “ಅಯ್ಯೋ! ಇಷ್ಟೂ ಜನ ಮೂರು ಕಿಲೋಮೀಟರು ನಡೆದು ಬಂದ್ರಾ?”

“ನಾನೇ ಹೊತ್ತು ತಂದೆ!”

“ಈ ಕಟ್ಟಡದಲ್ಲಿ ಸಾರ್ವಜನಿಕ ಶೌಚಾಲಯ ಇದೆಯಲ್ಲ, ಅದಕ್ಕೇ ಬಂದಿದಾರೆ. ಪಾಪ, ಎಷ್ಟು ಅವಸರವಾಗಿತ್ತೋ! ಯೋಜನೆ ಪರವಾಗಿ ನಲವತ್ತೆರಡು ಓಟು.”

“ನಲವತ್ತೊಂದು!”

“ನಿಮ್ಮ ಜೇಬಿನದೂ ಬಂದಿದೆ. ಸರ್ವಾನುಮತ.”

“ನನ್ನ ವಿರೋಧ ಇದೆ! ಬಾಯಿಬಿಟ್ಟು ಹೇಳ್ತಿದೀನಲ್ಲ!”

“ಬಾಯಿಗೆ ಇದರಲ್ಲಿ ಕಾಲಂ ಇಲ್ಲ.”

ಅವನು ಕೈ ಮುಗಿದ. “ಹೊಟ್ಟೆಪಾಡು ಮೇಡಂ. ನಾಳೆವರೆಗಾದ್ರೂ ಕೆಡವೋದು ನಿಲ್ಲಿಸಿ.”

“ಬೆಳಿಗ್ಗೆಯಿಂದ ನಿಂತೇ ಇತ್ತು. ಒಳಗೆ ನಲವತ್ತೊಂದು ಜನ ಇರೋವಾಗ ಯಂತ್ರ ಬಿಡೋಕಾಗುತ್ತಾ?” ಆಕೆ ಪರದೆಯ ಮೇಲೆ ಬೆರಳಿಟ್ಟಳು. “ಈಗ ಪೂರ್ತಿ ಖಾಲಿ. ನೀವು ಹೊರಟ ಐದೇ ನಿಮಿಷಕ್ಕೆ ಕೆಡವೋ ಆದೇಶ ತಾನಾಗಿ ಹೋಗಿದೆ.”

ಅವನ ಜೇಬು ರಿಂಗಾಯಿತು. ದರ್ಜಿ.

“ಅಣ್ಣಾ, ನಿನ್ನ ಶಟರಿನ ಕೀಲಿ ಎಲ್ಲಿಟ್ಟಿದೀಯ? ಯಂತ್ರದವರು ಕೇಳ್ತಿದಾರೆ...” ಆಚೆಯಿಂದ ಧಡಾರೆಂಬ ಸದ್ದು. “ಬೇಡ ಬಿಡು. ಶಟರೇ ಇಲ್ಲ.”